ಎರಡು ದಿನ ತಡ ಮಾಡಿ ಬರೋ ಸಿಪಾಯಿಗಳು

ಮೊದಲಿಗೇ ಒಂದು ಮಾತು ಕಬೂಲ್ ಮಾಡಿಬಿಡ್ತೀನ್ರಿ. ಮಂದೀನ ಕಾಡ್ಸೋದು ಬಿಟ್ರ ನನಗ ಬ್ಯಾರೆ ಯಾವ ವಿದ್ಯಾನೂ ಬರೂದಿಲ್ಲ. ಕೆಲವರಿಗೆ ಹಾಡು ಬರ್ತದ, ಕೆಲವರಿಗೆ ಭಾಷಣ ಬರ್ತದ. ನನಗ ಇನ್ನೊಬ್ಬನ ಚಪ್ಪಲ್ಯಾಗ ಹಸಿ ಮಣ್ಣು ಮೆತ್ತಿ, ಏನೂ ಗೊತ್ತಿಲ್ಲದಾಂವನಂಗ ಮೋಡ ನೋಡ್ಕೋತ ನಿಂದ್ರೋದು ಬರ್ತದ. ಇದೇನು ಹಗುರ ಕೆಲಸ ಅಂತ ತಿಳ್ಕೋಬ್ಯಾಡ್ರಿ. ಮಣ್ಣು ಮೆತ್ತೋದು ಯಾರಿಗರ ಬರ್ತದ, ಮೋಡ ನೋಡೋದರಾಗ ಕಸಬು ಅದ. ಸುರಪುರದಾಗ ನನ್ನ ಕೈಯಾಗ ಒಮ್ಮೆರ ಸಿಗಲಾರದ ಮನುಷ್ಯಾ ಯಾರರ ಇದ್ರ, ಅಂವ ನಿನ್ನಿ ಊರಿಗೆ ಬಂದಿರಬೇಕು. ಇಷ್ಟೆಲ್ಲಾ ಮಾಡಿ ಒಮ್ಮೆನೂ ಸಿಕ್ಕಿಬಿದ್ದಿದ್ದಿಲ್ಲ, ಅದೇ ನನ್ನ ದೊಡ್ಡಸ್ತಿಕಿ. ಆದ್ರ ಹೋದ ಬ್ಯಾಸಿಗ್ಯಾಗ ನನ್ನ ಹಿಡಕೊಟ್ಟವರು ಯಾರು ಗೊತ್ತೇನ್ರಿ? ನನ್ನ ಮೈಯೊಳಗಿನ ಮಂದಿ! ನನ್ನ ಅನ್ನಾ ಉಂಡು, ನನ್ನ ರಕ್ತದಾಗ ಈಜಾಡ್ಕೋತ, ನನ್ನ ವಿರುದ್ಧಾನೇ ಸಾಕ್ಷಿ ಹೇಳಿದ್ರು. ಟಿ ಸೆಲ್ ಅಂತ ಅವರ ಹೆಸರು. ಈ ಸುದ್ದಿ ತಿಳದಾಗಿಂದ ನನಗ ಗಪ್ಪ ಕುಂದ್ರಾಕ ಆಗವಲ್ದು. ಹೋಟೆಲಿನ್ಯಾಗ ಕುಂತ್ರೂ ಅದೇ ಹೇಳ್ತೀನಿ, ಬಸ್ ಸ್ಟ್ಯಾಂಡಿನ್ಯಾಗ ನಿಂತ್ರೂ ಅದೇ ಹೇಳ್ತೀನಿ. ಮಂದಿ ನನ್ನ ನೋಡಿ ದಾರಿ ಬದಲಿ ಮಾಡಾಕತ್ಯಾರ. ನೀವು ಓದೋವರು, ಎಲ್ಲಿಗೆ ಓಡ್ತೀರಿ? ಕೇಳ್ರಿ.

ನಾ ಕೆನಾಲಿನ ಮನುಷ್ಯಾ. ಕೃಷ್ಣಾ ನೀರಿನ ಕೆನಾಲ್ ಇನ್ನಾ ಕಡ್ಯಾಕತ್ತಾಗ ಕ್ಯಾಂಪಿನ್ಯಾಗ ತಗಡಿನ ಶೆಡ್ಡಿನ್ಯಾಗ ಇದ್ದಾಂವ, ನೀರು ಬಂದ ಮ್ಯಾಲ ಗೇಟ್ ಕಾಯ್ದು ಅದರಾಗೇ ರಿಟೈರ್ ಆದಾಂವ. ಕೆನಾಲಿನ ಒಂದು ಗುಟ್ಟು ಹೇಳ್ತೀನಿ, ಮುಂದ ಕೆಲಸಕ್ಕ ಬರ್ತದ. ನಾರಾಯಣಪುರ ಡ್ಯಾಮಿನ್ಯಾಗ ಇವತ್ತ ಗೇಟ್ ಎತ್ತಿದ್ರ ನೀರು ಇವತ್ತೇ ಕಡೀ ಹೊಲಕ್ಕ ಬರೂದಿಲ್ಲ. ದೊಡ್ಡ ಕೆನಾಲ್ ತುಂಬಬೇಕು, ಆಮ್ಯಾಲ ಸಣ್ಣ ಕಾಲವಿ, ಆಮ್ಯಾಲ ಅದರ ಮರಿ. ದಿನಗಟ್ಲೆ ಹರೀತದ. ಆದ್ರ ರೈತರು ಏನ್ ಮಾಡ್ತಿದ್ರು? ಹೊಲಕ್ಕ ನೀರು ನುಗ್ಗಿ ಒಡ್ಡು ಒಡದ ದಿನ ಗೇಟಿನ ಹತ್ರ ಯಾರು ಕಂಡ್ರ ಅವನ ಕೊಳ್ಳಪಟ್ಟಿ ಹಿಡೀತಿದ್ರು. ನಾ ಕೈ ಎತ್ತಿ ಎತ್ತಿ ಹೇಳ್ತಿದ್ದೆ: "ಯಪ್ಪಾ, ಇವತ್ತ ನೀರು ಬಂದದಂದ್ರ ಇವತ್ತ ಇಲ್ಲಿ ಯಾರು ನಿಂತಾರ ಅಂತ ನೋಡಬ್ಯಾಡ್ರಿ. ಮೊನ್ನಿ ಮ್ಯಾಲ ಗೇಟ್ ಎತ್ತಿದಾಂವ ಯಾರು ಅಂತ ಕೇಳ್ರಿ!" ಇಡೀ ನೌಕರಿ ತುಂಬ ಇದೇ ಪಾಠ ಹೇಳಿದಾಂವ ನಾನು. ಇದನ್ನೇ ಮರತು ಕುಂತಾಂವನೂ ನಾನೇ.

ಆ ತಗಡಿನ ಶೆಡ್ಡಿನ್ಯಾಗ ನನ್ನ ಪಕ್ಕದ ಮಂಚ ಖಾಜಾಂದು. ಈಗ ಅಂವ ರಂಗಂಪೇಟ್ಯಾಗ ಮನಿ ಕಟ್ಕೊಂಡಾನ, ನಂದು ಇಲ್ಲೇ ಸುರಪುರ, ನಡಕೋತ ಹೋದ್ರ ಒಂದು ಎಲಿ ಅಡಿಕಿ ಬಾಯಾಗ ಕರಗೋದರಾಗ ಅವನ ಮನಿ. ದಿನಾ ನಾಲ್ಕಕ್ಕ ಚಾ ಅಲ್ಲೇ. ಹೋದ ಬ್ಯಾಸಿಗಿ ತನಕ, ನಾಲ್ವತ್ತು ವರ್ಷದಾಗ ನಾ ಆ ಚಾ ತಪ್ಪಿಸಿದ್ದು ಎರಡೇ ಸಲ, ಒಂದು ನನ್ನ ಮದಿವ್ಯಾಗ, ಇನ್ನೊಂದು ನನ್ನ ಹರನಿಯಾ ಆಪರೇಷನ್ನಾಗ. ಖಾಜಾ ನನಗ "ಲೇ ದೇವ್ಯಾ" ಅಂತಾನ. ಹೆಸರು ದೇವಿಂದ್ರಪ್ಪ ಅಂತ ಅವನಿಗೆ ಗೊತ್ತದೋ ಇಲ್ಲೋ ಅನಮಾನ ಅದ. ಅವನ ಹಿತ್ತಲದಾಗ ಒಂದು ಮಾವಿನ ಗಿಡ. ಗೊಟ್ಟಾ ಹುಗದು, ಬಕೇಟಿನ್ಯಾಗ ನೀರು ಹೊತ್ತು ಬೆಳಸ್ಯಾನ. ಹೋದ ವರ್ಷ ಮೊದಲನೇ ಸಲ ಗಿಡ ತುಂಬಿ ಬಿಟ್ಟಿತ್ತು, ಕಾಯಿಗೆ ಎಲ್ಲಿ ಕಣ್ಣು ಬೀಳ್ತದೋ ಅಂತ ಗಿಡಕ್ಕ ಹಳೇ ಚಪ್ಪಲಿ ಕಟ್ಟಿದ್ದ. ಉಪ್ಪಿನಕಾಯಿ ಹಾಕಿ ಮಗಳಿಗೆ ಕಳಸ್ತೀನಿ ಅಂತ ತಿಂಗಳಾತು ಎಣಿಸಾಕತ್ತಿದ್ದ.

ಒಂದು ಮಂಗಳವಾರ ಚಾಕ್ಕ ಹೋದ್ರ ಖಾಜಾ ಹಿತ್ತಲದಾಗ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಾನ. "ದೇವ್ಯಾ, ತೆಳಗಿನ ಟೊಂಗಿ ಪೂರಾ ಸಾಫ್ ಆಗ್ಯಾವ ನೋಡೋ! ನಿನ್ನಿ ಮಧ್ಯಾಹ್ನ ನಮಾಜಿಗೆ ಹೋಗಿದ್ದೆ, ಅಷ್ಟರಾಗೇ."

"ಮಂಗ್ಯಾ ಬಂದಿರಬೇಕು," ಅಂದೆ.

"ಮಂಗ್ಯಾ ಕಾಯಿ ಅರ್ಧಾ ಕಡದು ಒಗೀತಾವ. ಇಲ್ಲಿ ಒಂದು ತುಣುಕೂ ಬಿದ್ದಿಲ್ಲ."

"ಶಾಣ್ಯಾ ಮಂಗ್ಯಾ ಇರಬೇಕು," ಅಂದೆ.

ಯಾರ ಕೆಲಸ ಅಂತ ನೀವು ಕೇಳಬ್ಯಾಡ್ರಿ, ನಾನೂ ಹೇಳೂದಿಲ್ಲ. ಅವತ್ತ ಖಾಜಾಗ ಸಮಾಧಾನ ಮಾಡಿದೆ, ಮಂಗ್ಯಾನ ಕುಲಕ್ಕೆಲ್ಲಾ ಬೈದೆ. ಅವನಿಗೆ ಎಷ್ಟು ಪ್ರೀತಿ ಬಂತಂದ್ರ, ಮಗಳು ಕಳಿಸಿದ್ದ ಹೊಸಾ ಅತ್ತರಿನ ಶೀಶೆ ತಂದು ನನ್ನ ಕಿವಿ ಹಿಂದ, ಗದ್ದಕ್ಕ, ಮುಂಗೈಗೆ ತಾನೇ ಹಚ್ಚಿದ. "ನೀನೊಬ್ಬನೇ ನೋಡು ನನ್ನ ಕಷ್ಟ ತಿಳ್ಕೊಳ್ಳಾಂವ," ಅಂದ. ನಾ ಮೋಡ ನೋಡಿದೆ.

ಬುಧವಾರ ಮುಂಜಾನಿ ಎದ್ರ ಜಗತ್ತೇ ಇಲ್ಲ. ಕಣ್ಣು ತೆಗದೀನಿ ಅಂತ ಅನ್ಕೊಂಡೀನಿ, ತೆಗದೇ ಇಲ್ಲ. ಮುಖ ಮುಟ್ಟಿ ನೋಡ್ಕೊಂಡೆ, ಅದು ನನ್ನ ಮುಖ ಅಲ್ಲ, ಯಾರೋ ಹಿಟ್ಟು ನಾದಿ ಇಟ್ಟಂಗ. ತುಟಿ ಪೂರಿ ಉಬ್ಬಿದಂಗ ಉಬ್ಬ್ಯಾವ. ಇನ್ನ ಕಡಿತ! ಅದನ್ನ ಹ್ಯಾಂಗ ಹೇಳಲಿ, ಸಾವಿರ ಕಟ್ಟಿರುವಿ ಮುಖದ ಮ್ಯಾಲ ಸಂತಿ ಮಾಡ್ದಂಗ. ನಮ್ಮಾಕಿ ನಾಗಮ್ಮ ಚಾ ಹಿಡ್ಕೊಂಡು ಬಂದಾಕಿ ಬಾಗಲದಾಗೇ ನಿಂತ್ಲು. "ಯಾರ್ರಿ ನೀವು? ಅವರು ಎಲ್ಲಿ ಹೋದ್ರು?" ಅಂದ್ಲು. ಇಷ್ಟು ವರ್ಷ ನನ್ನ ಕೂಡ ಸಂಸಾರ ಮಾಡಿ ಆಕಿಗೂ ಈ ಗುಣ ಹತ್ಯಾದ.

ನನ್ನ ತಲಿ ಆಗಲೇ ಓಡಾಕತ್ತಿತ್ತು. ನಿನ್ನಿ ಏನಾತು? ಅತ್ತರು! ಎಲ್ಲಿ ಹಚ್ಚಿದ? ಗದ್ದಕ್ಕ! ಯಾಕ ಹಚ್ಚಿದ? ನಾಲ್ವತ್ತು ವರ್ಷ ನನ್ನ ಕೈಯಾಗ ಹೈರಾಣಾದಾಂವ ಒಮ್ಮೆಲೇ ಯಾಕ ಪ್ರೀತಿ ಮಾಡ್ದ? ಶೀಶ್ಯಾಗ ತುರಿಕಿ ಪುಡಿ ಕಲಿಸ್ಯಾನ, ಸೇಡು ತಗೊಂಡಾನ! ಖರೆ ಹೇಳ್ತೀನಿ, ಸಿಟ್ಟಿಗಿಂತ ಮೊದಲು ನನಗ ಹೆಮ್ಮಿ ಆತು. ಅಂತೂ ಕಲ್ತ ಅಂತ. ಆಮ್ಯಾಲ ಕಡಿತ ಜೋರಾತು, ಹೆಮ್ಮಿ ಹೋತು. ನಾಗಮ್ಮನ ಹೆಗಲ ಹಿಡ್ಕೊಂಡು ರಂಗಂಪೇಟಿಗೆ ಹೋಗಿ, ಅವನ ಬಾಗಲದಾಗ ನಿಂತು ಓಣಿಗೆಲ್ಲಾ ಕೇಳೋ ಹಂಗ ಒದರಿದೆ: "ಚೇಷ್ಟಿ ಮಾಡೋದು ಬ್ಯಾರೆ, ಮನುಷ್ಯಾನ ಕಣ್ಣು ತಗಿಯೋದು ಬ್ಯಾರೆ! ಏನ್ ಕಲಿಸಿದ್ಯೋ ಅತ್ತರಿನ್ಯಾಗ?"

ಖಾಜಾ ಒಳಗ ಹೋದ. ಶೀಶೆ ತಂದ, ಬಿರಡಿ ತೆಗದ, ಬಗ್ಗಿ ತನ್ನ ಮುಖಕ್ಕ ಅಷ್ಟೂ ಸುರುವಿಕೊಂಡ. ಕಣ್ಣು ಮುಚ್ಚಿತ್ತು, ನನಗ ಕಾಣಲಿಲ್ಲ, ನಾಗಮ್ಮ ಆಮ್ಯಾಲ ಹೇಳಿದ್ಲು. ನನಗ ಬರೇ ವಾಸನಿ ಬಂತು, ಆಮ್ಯಾಲ ಅವನ ದನಿ. "ದೇವಿಂದ್ರಪ್ಪನವರ, ನಾಳಿಯಿಂದ ಚಾಕ್ಕ ಬರಬ್ಯಾಡ್ರಿ."

ಪೂರಾ ಹೆಸರು! ಮ್ಯಾಲ "ನವರ" ಬ್ಯಾರೆ! ಆ ಮರ್ಯಾದಿ ಕಡಿತಕ್ಕಿಂತ ಜೋರ ಕಡೀತ್ರಿ.

ಅವತ್ತ ನಾಲ್ಕಕ್ಕ ನಮ್ಮ ಮನ್ಯಾಗೇ ಚಾ ಕುಡದೆ. ನಾಗಮ್ಮನ ಚಾ ಛಲೋನೇ ಇರ್ತದ, ಆದ್ರ ಅದರಾಗ ಬೈಗಳ ಇರೂದಿಲ್ಲ. ಓಣ್ಯಾಗಿನ ಮಂದಿ ಔಷಧ ಹೇಳಾಕ ಬಂದ್ರು. ಒಬ್ಬರು ಬೇವಿನ ಎಲಿ ಅರದು ಮೆತ್ತಿದ್ರು, ಇನ್ನೊಬ್ಬರು ಅದರ ಮ್ಯಾಲ ಅರಿಷಿಣ, ಮತ್ತೊಬ್ಬರು ಅದರ ಮ್ಯಾಲ ಬೂದಿ. ಹಸರು, ಹಳದಿ, ಬಿಳಿ, ಯಾವುದೋ ಪಕ್ಷದ ಬಾವುಟ ಆಗಿತ್ತು ನನ್ನ ಮುಖ. ಗುರುವಾರ ಮುಂಜಾನಿ ಹೊಟ್ಟಿ ಮ್ಯಾಲೂ ಗುಳ್ಳಿ ಎದ್ದಾಗ ನಾಗಮ್ಮ, "ಇನ್ನ ಸಾಕು, ಯಾದಗಿರಿಗೆ ಚರ್ಮದ ಡಾಕ್ಟರಮ್ಮನ ಹತ್ರ ನಡೀರಿ," ಅಂದ್ಲು. ಬಸ್ ಸ್ಟ್ಯಾಂಡಿಗೆ ಹೋದ್ರ ಅತ್ತರಿನ ವಾಸನಿ. ನಾಗಮ್ಮ ಹೇಳಿ ಕಳಿಸಿದ್ಲಂತ. ಕಣ್ಣು ಕಾಣಲಾರದ ಗಂಡನ್ನ ಬಸ್ಸಿಗೆ ಹತ್ತಸೋದು ಇಳಸೋದು ನನ್ನೊಬ್ಬಾಕಿ ಕೈಲೆ ಆಗೂದಿಲ್ಲ ಅಂತ. ಖಾಜಾ ಬಂದಿದ್ದ, ಆದ್ರ ನನ್ನ ಕೂಡ ಮಾತಿಲ್ಲ. ಮೂರು ಸೀಟಿನ್ಯಾಗ ನಡುವ ನಾಗಮ್ಮ ಪೋಸ್ಟ್ ಆಫೀಸ್ ಆಗಿ ಕುಂತ್ಲು.

"ನಾಗಕ್ಕಾ, ಅವರನ್ನ ಕಿಟಕಿ ಕಡೆ ಕುಂದ್ರಸ್ರಿ, ಮುಖಕ್ಕ ಗಾಳಿ ಬೀಳಲಿ."

"ನಾಗಮ್ಮ, ಅವನಿಗೆ ಹೇಳು, ಗಾಳಿ ನನಗೂ ಗೊತ್ತಾಗ್ತದಂತ."

"ನಾಗಕ್ಕಾ, ಕೆರಕೋಬ್ಯಾಡ ಅಂತ ಹೇಳ್ರಿ ಅವರಿಗೆ, ರಕ್ತಾ ಬರಾಕತ್ಯಾದ."

"ಇಬ್ಬರೂ ಬಾಯಿ ಮುಚ್ರಿ," ಅಂದ್ಲು ಪೋಸ್ಟ್ ಆಫೀಸು. ಶಹಾಪುರ ಬಂದಾಗ ಖಾಜಾ ತಡಕೊಳ್ಳಲಿಲ್ಲ. ಗುಡ್ಡ ಮನುಷ್ಯಾ ಮಕ್ಕೊಂಡಂಗ ಕಾಣ್ತದಲ್ರಿ ಅಲ್ಲಿ, ಮಂದಿ ಅದಕ್ಕ ಮಲಗಿದ ಬುದ್ಧ ಅಂತಾರ, ಅದನ್ನ ನೋಡೋದಂದ್ರ ನನಗ ಸಣ್ಣಂವ ಇದ್ದಾಗಿಂದ ಹುಚ್ಚು. ಯಾರಿಗೂ ಅಲ್ಲ ಅನ್ನೋ ಹಂಗ ಅಂದ: "ಬುದ್ಧ ಇನ್ನಾ ಮಕ್ಕೊಂಡಾನ. ಮ್ಯಾಲ ಒಂದು ಬಿಳಿ ಮೋಡ ಅದ." ನಾ ಮುಖ ಕಿಟಕಿ ಕಡೆ ತಿರುಗಿಸಿದೆ. ಕಣ್ಣಾಗ ನೀರು ಬಂತು. ರೆಪ್ಪಿ ಬಾತದ್ದಕ್ಕ ಬಂದದ್ದು, ಮತ್ತೇನೂ ಇಲ್ಲ.

ದವಾಖಾನ್ಯಾಗ ಕುಂತಾಗ ನನ್ನ ಬಲಗಡಿ ಒಂದು ಖುರ್ಚಿ ಖಾಲಿ, ಅದರಾಚಿ ಒಬ್ಬರು ಸಾಲಿ ಮಾಸ್ತರು, ಅವರ ಆಚಿನೂ ಖುರ್ಚಿ ಖಾಲಿ. ಅವರ ಮೊಣಕೈ ಮ್ಯಾಲ ಕೆಂಪು ಪಟ್ಟಿ, ಮ್ಯಾಲ ಬೆಳ್ಳನ ಹೊಟ್ಟು ಅಂತ ನಾಗಮ್ಮ ಕಿವ್ಯಾಗ ಹೇಳಿದ್ಲು. ಮಂದಿ ನಿಂತಾರಂತ, ಆ ಖುರ್ಚ್ಯಾಗ ಕುಂತಿಲ್ಲಂತ. ನನಗೇನ್ರಿ, ನನ್ನ ಮುಖಕ್ಕಿಂತ ಕೆಟ್ಟದ್ದು ಏನು ಹತ್ತೀತು? ಸರದು ಪಕ್ಕಕ್ಕ ಕುಂತೆ. "ಮಾಸ್ತರ, ನಿಮ್ದೇನು?" ಅಂದೆ. "ಸೋರಿಯಾಸಿಸ್ ಅಂತಾರ್ರಿ," ಅಂದ್ರು. "ಮುಟ್ಟಿದ್ರ ಹತ್ತೂದಿಲ್ಲ, ಯಾರೂ ನಂಬೂದಿಲ್ಲ. ಮೈ ಕಾಯೋ ಸಿಪಾಯಿಗಳೇ ತಲಿ ತಿರುಗಿ ಚರ್ಮಕ್ಕ ಹುಕುಂ ಕೊಡ್ತಾವಂತ, ಹೊಸಾ ತೊಗಲು ತಯಾರ ಮಾಡು, ಜಲ್ದಿ ಜಲ್ದಿ ಅಂತ. ಹಳೇದು ಹೋಗೋದರಾಗ ಹೊಸಾದು ಬಂದು ಹಿಂಗ ಗುಂಪಿ ಬೀಳ್ತದ." ಆ ಸಿಪಾಯಿ ಹೆಸರು ನಾ ಮೊದಲು ಕೇಳಿದ್ದು ಆ ಮಾಸ್ತರ ಬಾಯಿಂದ. ಟಿ ಸೆಲ್. ಅವರ ಕೈ ಹಿಡದು ಕುಲುಕಿದೆ. ಅವರು ಕೈ ಬಿಡೋದೇ ಮರತ್ರು.

ಡಾಕ್ಟರಮ್ಮ ಗುರುಮಠಕಲ್ ಕಡಿಯಾಕಿ, ಸಣ್ಣ ವಯಸ್ಸು, ದನಿ ಮಾತ್ರ ಹೆಡ್‌ಮಾಸ್ತರಂಗ. ಮೊದಲು ನನ್ನ ಮುಖದ ಬಾವುಟ ತೊಳಿಸಿದ್ಲು. ತೊಳಿಸ್ಕೋತ, ಬೂದಿ ಹಚ್ಚಿದವರು ಯಾರಿದ್ರೂ ಇಲ್ಲಿಗೆ ಕಳಸ್ರಿ ಅಂತ ಬೈದ್ಲು. ಆಮ್ಯಾಲ, "ಮುತ್ಯಾ, ಅಂಗಿ ಎತ್ರಿ," ಅಂದ್ಲು. ಮುತ್ಯಾ ಅಂದು ಅಜ್ಜನ್ನ ಮಾಡಿದ್ದಕ್ಕ ನನಗ ಸಿಟ್ಟು ಬಂತು, ಆದ್ರೂ ಎತ್ತಿದೆ. ಒಂದೊಂದು ಗುಳ್ಳಿ ಬೆರಳಲೆ ಮುಟ್ಟಿ ನೋಡಿದ್ಲು.

"ಮುಖ ತಿಳೀತು. ಹೊಟ್ಟಿ ಮ್ಯಾಲ ಯಾಕ ಹಿಂಗ ದುಂಡಕ ದುಂಡಕ ಎದ್ದಾವ? ಉಡ್ಯಾಗ ಏನರ ಕಟ್ಕೊಂಡಿದ್ರೇನು?"

"ಇಲ್ಲವಾ," ಅಂದು ಮೋಡ ನೋಡಾಕ ಹೋದೆ. ಕಣ್ಣು ಮುಚ್ಚಿತ್ತು, ಮ್ಯಾಲ ಚಾವಣಿ. ನನ್ನ ಕಸಬು ಅಲ್ಲಿ ನಡೀಲಿಲ್ಲ.

"ಅತ್ತರುರಿ," ಅಂದ ಖಾಜಾ ಬಾಗಲದಾಗಿಂದ. ದನಿ ಸಣ್ಣಾಗಿತ್ತು. "ಮಂಗಳವಾರ ಸಂಜಿಗೆ ನಾ ಹಚ್ಚಿದ್ದೆ. ಬುಧವಾರ ಮುಂಜಾನಿ ಹಿಂಗಾತು. ನನ್ನ ಕೈಯಿಂದ ಅವನ ಕಣ್ಣು ಹೋತೇನ್ರಿ ಡಾಕ್ಟರಮ್ಮಾ?"

ಆಗ ಗೊತ್ತಾತ್ರಿ ನನಗ. ಎರಡು ದಿನ ಅಂವ ಸಿಟ್ಟಿನ್ಯಾಗ ಇರಲಿಲ್ಲ, ಹೆದರಿಕ್ಯಾಗ ಇದ್ದ. ಅತ್ತರಿನ್ಯಾಗೇ ಏನರ ಇತ್ತೋ ಏನೋ ಅಂತ ಅಂವ ನನ್ನ ಮಾತು ನಂಬಿಬಿಟ್ಟಿದ್ದ.

ಡಾಕ್ಟರಮ್ಮ ಅಂದ್ಲು: "ಕಣ್ಣಿಗೇನೂ ಆಗಿಲ್ಲ, ರೆಪ್ಪಿ ಬಾತಾವ ಅಷ್ಟೇ. ಕೇಳ್ರಿ. ನಮ್ಮ ರಕ್ತದಾಗ ಸಿಪಾಯಿಗಳು ಇರ್ತಾವ. ಎದಿಗೂಡಿನ್ಯಾಗ ಸಣ್ಣದೊಂದು ಸಾಲಿ ಅದ, ಅಲ್ಲಿ ಕಲ್ತು ಬಂದವು. ಯಾವುದೋ ಒಂದು ವಸ್ತು ತೊಗಲಿಗೆ ಹತ್ತತದ ಅನ್ಕೋರಿ. ವೈರಿ ಅಂತ ತಪ್ಪು ತಿಳ್ಕೊಂಡು ಅದರ ಮುಖಾ ನೆನಪಿಟ್ಕೋತಾವ. ಮತ್ತ ಯಾವಾಗರ ಅದು ಬಂದ್ರ, ಒಬ್ಬ ಸಿಪಾಯಿ ಗುರುತು ಹಿಡೀತಾನ, ಅಂವ ಇನ್ನೊಬ್ಬಗ ಸುದ್ದಿ ಮುಟ್ಟಸ್ತಾನ, ಅಂವ ಮತ್ತೊಬ್ಬಗ. ಎಲ್ಲಾರೂ ಕೂಡಿ ಚರ್ಮದಾಗ ನುಗ್ಗೋದಕ್ಕ ಟೈಮ್ ಹಿಡೀತದ. ಹತ್ತಿದ್ದು ಇವತ್ತ, ಬಾವು ಬರೋದು ಹೆಚ್ಚು ಕಮ್ಮಿ ಎರಡು ದಿನ ಬಿಟ್ಟು. ಅದಕ್ಕೇ ಮಂದಿ ನಿನ್ನಿ ಹಚ್ಚಿದ್ದನ್ನ ಬೈತಾರ. ಖರೆ ಗುನ್ಹೆ ಅದಕ್ಕೂ ಹಿಂದಿನ ದಿನದ್ದಿರ್ತದ."

ಅಯ್ಯಯ್ಯಯ್ಯೋ! ನಾ ಕುಂತಲ್ಲಿಂದ ಹಾರಿ ನಿಂತೆ. ಮೈಯಾಗ ಕರೆಂಟ್ ಹೊಡದಂಗಾತು. ನನ್ನ ಮೈ ಅಂದ್ರ ಕೆನಾಲ್! ಮ್ಯಾಲ ಗೇಟ್ ಎತ್ತೋ ದಿನಾ ಒಂದು, ಕಡೀ ಹೊಲಕ್ಕ ನೀರು ಮುಟ್ಟೋ ದಿನಾ ಒಂದು! ಇಡೀ ನೌಕರಿ ನಾ ಒದರಿದ್ದನ್ನ ಈ ಹುಡುಗಿ ದೊಡ್ಡ ದೊಡ್ಡ ಪುಸ್ತಕ ಓದಿ ಹೇಳಾಕತ್ಯಾಳ! ಬೆರಳ ಎಣಿಸಾಕತ್ತೆ, ಬಾಯಿಗೆ ಲಗಾಮೇ ಇಲ್ಲ: "ತಡೀರಿ ತಡೀರಿ, ನಾ ಲೆಕ್ಕಾ ಹಿಡೀತೀನಿ, ಇದು ನನ್ನ ಕೆಲಸ! ಬುಧವಾರ ಮುಂಜಾನಿ ನೀರು ಮುಟ್ಟ್ಯಾದ. ಅತ್ತರು ಹಚ್ಚಿದ್ದು ಮಂಗಳವಾರ ಸಂಜಿ, ಅದು ಭಾಳ ಸನೇದು, ಅಲ್ಲಿಂದ ಇಷ್ಟು ಜಲ್ದಿ ನೀರು ಬರೂದಿಲ್ಲ! ಖಾಜಾಂದು ತಪ್ಪಿಲ್ಲ, ಖಾಜಾ ಬೇಗುನ್ಹಾ! ಹಿಂದಕ್ಕ ನಡೀರಿ. ಎರಡು ದಿನಾ ಹಿಂದ ಅಂದ್ರ ಸೋಮವಾರ. ಸೋಮವಾರ ಮಧ್ಯಾಹ್ನ ನಾ ಎಲ್ಲಿದ್ದೆ? ಖಾಜಾನ ಮಾವಿನ ಗಿಡದಾಗ ಇದ್ದೆ! ತೊಟ್ಟು ಮುರದಾಗ ಸೊನಿ ಮುಖಕ್ಕ ಸಿಡೀತು, ಕೈಲೆ ಒರಸಿದೆ, ಒಂದು ಕಾಯಿ ಸಿಪ್ಪಿ ಹಲ್ಲಿನಿಂದ ಸುಲದು ಅಲ್ಲೇ ತಿಂದೆ, ಉಳದದ್ದು ಅಂಗಿಯೊಳಗ ಹೊಟ್ಟಿಗೆ ಹಚ್ಚಿ ಕಟ್ಟಿ... ಸಿಕ್ತು! ಸೊನಿ! ಮಾವಿನ ಸೊನಿ! ಗೇಟ್ ಎತ್ತಿದಾಂವ ಸಿಕ್ಕಬಿದ್ದ!"

  ಆಗ ನನಗ ನನ್ನ ಮಾತು ತಿರುಗಿ ಕೇಳಿಸ್ತು.

"ಶಾಣ್ಯಾ ಮಂಗ್ಯಾ," ಅಂದ ಖಾಜಾ ಹಗೂರಕ.

ನಾಗಮ್ಮ ಸೆರಗು ಬಾಯಿಗೆ ಇಟ್ಕೊಂಡ ಸಪ್ಪಳ ಆತು. ನಗಾಕತ್ತಿದ್ಲೋ ಅಳಾಕತ್ತಿದ್ಲೋ ಗೊತ್ತಾಗಲಿಲ್ಲ. ಡಾಕ್ಟರಮ್ಮ ಮಾತ್ರ ತನ್ನ ದಾರಿ ಬಿಡಲಿಲ್ಲ. "ಮುತ್ಯಾ, ಮಾವಿನ ಸೊನಿ ಎಲ್ಲಾರಿಗೂ ಹಿಂಗ ಮಾಡೂದಿಲ್ಲ. ನಿಮ್ಮ ಸಿಪಾಯಿಗಳಿಗೆ ಯಾರೋ ಮೊದಲೇ ಪಾಠ ಕಲಿಸ್ಯಾರ. ಕೇರಬೀಜ ಗೊತ್ತದಲ್ಲ? ದೋಬಿಗಳು ಅದರ ಎಣ್ಣಿಲೆ ಅರಬಿಗೆ ಗುರುತು ಹಾಕತಿದ್ರು. ಅದೂ ಮಾವೂ ಒಂದೇ ಮನೆತನದ್ದು. ಒಬ್ಬ ಅಣ್ಣನ ಮುಖಾ ನೋಡಿಟ್ಟ ಸಿಪಾಯಿ ತಮ್ಮ ಬಂದ್ರೂ ಬಡೀತಾನ. ಹುಡುಗ ಇದ್ದಾಗ ಕೇರೆಣ್ಣಿ ಮುಟ್ಟಿದ್ರೇನು?"

ಖಾಜಾನ ಮನ್ಯಾಗ ಅದಕ್ಕ ಭಿಲಾವಾ ಅಂತಾರ. ಕೇರಬೀಜದ ಹೆಸರು ಕೇಳಿ ಅಂವ ಒಳಗ ಬಂದು ನನ್ನ ಮುಂದ ನಿಂತದ್ದು ಅತ್ತರಿನ ವಾಸನಿಯಿಂದ ತಿಳೀತು. ಇಲ್ಲಿ ಒಂದು ಹಳೇ ಸುದ್ದಿ ಹೇಳಬೇಕು. ಕ್ಯಾಂಪಿನ್ಯಾಗ ಇದ್ದಾಗ ಖಾಜಾ ಹೆಣ್ಣು ನೋಡಾಕ ಶಹಾಪುರಕ್ಕ ಹೊಂಟಿದ್ದ. ಹೊಸಾ ಬಿಳಿ ಅಂಗಿ ಹೊಲಿಸಿದ್ದ, ಕ್ಯಾಂಪಿನ ದೋಬಿ ಹಣಮಂತ ಇಸ್ತ್ರಿ ಮಾಡಿ ಕೊಟ್ಟಿದ್ದ. ಬೀಗರ ಮನ್ಯಾಗ ಸಲಾಮ್ ಹೇಳಿ ತಿರುಗಿದ್ರ ಬೆನ್ನ ಮ್ಯಾಲ ಗೇಣುದ್ದ ಕರೇ ಅಕ್ಷರ: ಕಿ.ಮೀ. ೪೨. ಕೆನಾಲಿನ ಕಲ್ಲಿನ ಮ್ಯಾಲ ಇರ್ತದಲ್ರಿ, ಹಂಗ. ಹುಡುಗಿಯ ಕಾಕಾ, "ಇನ್ನಾ ಎಷ್ಟು ಕಿಲೋಮೀಟರ್ ಹೋಗೋದದ ಬೇಟಾ?" ಅಂದನಂತ. ಪರದೆ ಹಿಂದ ಹುಡುಗಿ ನಕ್ಕಾಳ, ಆ ನಗು ಕೇಳೇ ಖಾಜಾ ಮದಿವಿ ಆದ, ಅದು ಬ್ಯಾರೆ. ಆದ್ರ ಅವಮಾನ ಹೋಗಲಿಲ್ಲ. ಹಣಮಂತನೇ ಮಾಡ್ಯಾನ ಅಂತ ನಾಲ್ವತ್ತು ವರ್ಷ ಅವನಿಗೆ ಒಂದು ಅರಬಿ ಕೊಡಲಿಲ್ಲ, ಎದುರು ಬಂದ್ರ ಮುಖ ತಿರುಗಿಸ್ತಿದ್ದ. ಪಕ್ಕದಾಗ ನಿಂತು ನಾನೂ ತಿರುಗಿಸ್ತಿದ್ದೆ.

ಕೇರಬೀಜದ ಗುಣ ಏನಂದ್ರ, ಬರದಾಗ ತಿಳಿಗಂದು, ಹೊತ್ತು ಹೋದಂಗ ಕಪ್ಪ. ಇಸ್ತ್ರಿ ಆದ ಅಂಗಿ ಮ್ಯಾಲ ನಾ ಬರದಾಗ ಕಂಡೂ ಕಾಣದಂಗಿತ್ತು. ಅದಕ್ಕೂ ಮೊದಲು ಮೂರ್ನಾಲ್ಕು ಮಂದಿ ಧೋತರ, ಟವೆಲ್ ಮ್ಯಾಲ ಕೈ ಪಳಗಿಸಿದ್ದೆ. ಅವತ್ತಿನ ಕೆಲಸ ಆಗಿ ಎರಡು ದಿನಕ್ಕ ನನ್ನ ಕೈ ಬೆರಳ ಬಾತು ಗುಳ್ಳಿ ಎದ್ದಿದ್ವು. ಸಿಮೆಂಟ್ ಹತ್ತಿ ಸುಟ್ಟಾವ ಅಂತ ಎಲ್ಲಾರಿಗೂ ಹೇಳಿದ್ದೆ.

"ಸಿಮೆಂಟ್," ಅಂದ ಖಾಜಾ. "ನಿನ್ನ ಬೆರಳಿಗೆ ಅರಬಿ ಸುತ್ತಿದಾಂವ ನಾನು. ಒಂದು ವಾರ ನಿನಗ ರೊಟ್ಟಿ ಮುರದು ಕೊಟ್ಟಾಂವ ನಾನು."

 ಡಾಕ್ಟರಮ್ಮ ಗುಳಿಗಿ, ಮುಲಾಮು ಬರದು ಕೊಟ್ಲು, ಎಷ್ಟು ದಿನ ಹೇಳೀನೋ ಅಷ್ಟೇ ದಿನ ಅಂತ ಎರಡು ಸಲ ಹೇಳಿದ್ಲು. ಮಾವಿನ ಹಣ್ಣು ಬ್ಯಾರೆಯವರು ತೊಳದು ಸಿಪ್ಪಿ ತೆಗದು ಕೊಟ್ರ ನಾಲ್ಕು ಹೋಳು ತಿಂದು ನೋಡ್ರಿ, ಸೊನಿ ಸಿಪ್ಪಿ ಮುಟ್ಟಬ್ಯಾಡ್ರಿ ಅಂದ್ಲು. ಬಾಗಲಕ್ಕ ಬಂದಾಗ ನಾ ಕೇಳಿದೆ: "ಈ ಸಿಪಾಯಿಗಳು ಯಾವಾಗ ಮರೀತಾವವಾ?"

"ಎದಿಯೊಳಗಿನ ಆ ಸಾಲಿ ವಯಸ್ಸಾದಂಗ ಮುಚ್ಚತದ ಮುತ್ಯಾ. ಕಲ್ತವರು ಮಾತ್ರ ಊರಾಗೇ ಇರ್ತಾರ."

ಊರಿಗೆ ಬಂದು, ಬಾವು ಇಳದು ಕಣ್ಣು ತೆರದ ದಿನ, ಮೊದಲು ಹೋದದ್ದು ಹಣಮಂತನ ಮನಿಗೆ. ಖಾಜಾ ಮುಂದ, ನಾ ಹಿಂದ. ಇಬ್ಬರ ನಡುವ ಇನ್ನಾ ಮಾತಿಲ್ಲ. ಹಣಮಂತ ಹೊರಸಿನ ಮ್ಯಾಲ ಕುಂತು ಕಡ್ಲಿ ತಿನ್ನಾಕತ್ತಿದ್ದ. ನಾ ಎಲ್ಲಾ ಹೇಳಿದೆ. ಅಂವ ಕಡ್ಲಿ ತಿನ್ನೋದು ನಿಲ್ಲಿಸಲಿಲ್ಲ. "ನನಗ ಅವತ್ತೇ ಗೊತ್ತಿತ್ತು," ಅಂದ. "ನನ್ನ ಗುರುತು ಸಾಸಿವಿ ಕಾಳಿನಷ್ಟು, ಅದೂ ಕಾಲರಿನ ಒಳಗ. ಗೇಣುದ್ದ ಬರಿಯೋದು ದೋಬಿ ಕೈಯಲ್ಲ. ನಿನ್ನ ಬೆರಳ ನೋಡಿದೆ, ಕಲಿಯೋವಾಗ ನಮ್ಮ ಮನ್ಯಾಗ ಎಲ್ಲಾರ ಬೆರಳೂ ಹಂಗೇ ಆಗ್ತಾವ."

"ಮತ್ತ ಯಾಕ ಹೇಳಲಿಲ್ಲೋ ಮಾರಾಯಾ?" ಅಂದ ಖಾಜಾ.

"ಹೇಳಿದ್ರ ಕೇಳ್ತಿದ್ರೇನು? ಇಡೀ ಕ್ಯಾಂಪು ಇವನ ಕೂಡ ನಗಾಕತ್ತಿತ್ತು."

ಆ ಮಾತಿಗೆ ನನಗ ನಗು ಬರಲಿಲ್ಲ. ಮೋಡ ನೋಡೋಣು ಅಂದ್ರ ಅವತ್ತ ಮೋಡಾನೂ ಇರಲಿಲ್ಲ. ಖಾಜಾ ಅವನ ಪಕ್ಕ ಹೊರಸಿನ ಮ್ಯಾಲ ಕುಂತು ಅವನ ಕೈಯಾಗಿನ ಕಡ್ಲಿ ಎರಡು ತಗೊಂಡು ತಿಂದ. ನಾ ನಿಂತೇ ಇದ್ದೆ. ಎಷ್ಟೋ ಹೊತ್ತಿನ ಮ್ಯಾಲ ಹಣಮಂತ ಸರದು ಜಾಗಾ ಬಿಟ್ಟ. ಕಡ್ಲಿ ಮಾತ್ರ ಕೊಡಲಿಲ್ಲ.

ಹೊರಗ ಬಂದು ದಾರ್ಯಾಗ ಖಾಜಾ ನಿಂತ. "ಲೇ ದೇವ್ಯಾ," ಅಂದ. ನನಗ ಎಷ್ಟು ಖುಷಿ ಆತಂದ್ರ, ನಡುಬಜಾರದಾಗ ಕುಣೀಬೇಕು ಅನಿಸ್ತು. "ನಾಳಿಯಿಂದ ಚಾಕ್ಕ ಬಾ. ಮಾಫ್ ಮಾಡೀನಿ ಅನ್ಕೋಬ್ಯಾಡ. ಕಾಯಿಂದೂ ಅಂಗೀದೂ ಕೂಡಿಸಿ ಗೇಟ್ ಎತ್ತೀನಿ. ನೀರು ಮುಟ್ಟೋ ದಿನ ಮುಟ್ಟತದ."

 ಮರುದಿನ ಚಾಕ್ಕ ಹೋದೆ. ಕಪ್ಪು ಮೂಸಿ ನೋಡಿದೆ, ಬರೇ ಚಾ. ಎರಡು ದಿನ ಕಾದೆ, ಏನೂ ಆಗಲಿಲ್ಲ. ಖಾಜಾ ಮಾವಿನ ಹಣ್ಣು ತಾನೇ ತೊಳದು, ಸಿಪ್ಪಿ ತೆಗದು, ಹೋಳು ಮಾಡಿ ತಾಟಿನ್ಯಾಗ ಇಟ್ಟು ಕೊಟ್ಟ, ತಿಂದೆ, ಎರಡು ದಿನ ಕನ್ನಡಿ ಮುಂದ ಕುಂತೆ, ಏನೂ ಆಗಲಿಲ್ಲ. ಅಂಗಿ ಹಾಕ್ಕೊಳ್ಳೋ ಮುಂದ ನಾಗಮ್ಮಗ ಬೆನ್ನು ತೋರಿಸ್ತೀನಿ. ಚಪ್ಪಲಿ ಜಾಡಿಸ್ತೀನಿ. ಖಾಜಾ ನಕ್ರ ಹೆದರಿಕಿ, ನಗಲಿಲ್ಲಂದ್ರ ಇನ್ನಾ ಹೆದರಿಕಿ. "ಯಾವಾಗ ಬರ್ತದೋ ನೀರು?" ಅಂತ ಕೇಳಿದ್ರ, "ನಿಂದು ಕಡೀ ಹೊಲ, ಟೈಮ್ ಹಿಡೀತದ," ಅಂತಾನ. ಮೊನ್ನಿ ಮೊನ್ನಿ ಮತ್ತ ಮೈಯೆಲ್ಲಾ ಕಡ್ಯಾಕ ಶುರು ಆತು. ಕೈ, ಕಾಲು, ಬೆನ್ನು, ಕೆರದು ಕೆರದು ಹೈರಾಣ. ಬಂತು ಅನ್ಕೊಂಡು ಯಾದಗಿರಿಗೆ ಓಡಿ, ಖಾಜಾ ಗೇಟ್ ಎತ್ತಿದ ಸುದ್ದಿ ಎಲ್ಲಾ ಡಾಕ್ಟರಮ್ಮಗ ಹೇಳಿದೆ. ಡಾಕ್ಟರಮ್ಮ ಅಂಗಿ ತೆಗಿಸಿ, ಕನ್ನಡಕ ಏರಿಸಿ, ನೆತ್ತಿಯಿಂದ ಅಂಗಾಲ ತನಕ ನೋಡಿದ್ಲು. ಒಂದು ಗುಳ್ಳಿ ಇಲ್ಲ, ಒಂದು ಕೆಂಪು ಇಲ್ಲ.

"ಮುತ್ಯಾ," ಅಂದ್ಲು, "ಇದರಾಗ ಟಿ ಸೆಲ್ಲಿನ ಕೈವಾಡ ಏನೂ ಇಲ್ಲ. ಇದು ಪೂರಾ ಖಾಜಾ ಸಾಹೇಬರ ಕೆಲಸ."